ಪೂಡಲ್ ಸ್ಕರ್ಟಿನ ಸೊಂಟ ಯಾಕೆ ದೊಡ್ಡದಾಯಿತು?

ಪ್ರಶ್ನೆ: ಆರು ವರ್ಷದ ಮಗಳ ಫ್ಯಾನ್ಸಿ ಡ್ರೆಸ್‌ಗೆ 1950ರ ದಶಕದ ಪೂಡಲ್ ಸ್ಕರ್ಟ್ ಹೊಲಿದೆ. ಹತ್ತಿ ಬಟ್ಟೆ. ಸೊಂಟ ಸಿಕ್ಕಾಪಟ್ಟೆ ದೊಡ್ಡದಾಗಿದೆ, ಕೆಳಗಿನ ಅಂಚು ಸುಕ್ಕುಗಟ್ಟಿ ಏರಿಳಿತವಾಗಿದೆ. ಒಳಗೆ ಹಾಕಿದ ನೆಟ್ ಚುಚ್ಚುತ್ತದೆ ಅಂತ ಅಳುತ್ತಾಳೆ.

ಉತ್ತರ: ಪೂಡಲ್ ಸ್ಕರ್ಟ್ ಅಂದರೆ ಪೂಡಲ್ ನಾಯಿಯ ಚಿತ್ರ ಹಚ್ಚಿದ, ಪೂರ್ತಿ ಅಂಬ್ರೆಲಾ ಕಟ್‌ನ ಸ್ಕರ್ಟ್: ಬಟ್ಟೆಯನ್ನು ಇಡೀ ವೃತ್ತವಾಗಿ ಕತ್ತರಿಸಿ, ನಡುವೆ ಸೊಂಟಕ್ಕೆ ದುಂಡನೆಯ ತೂತು ಬಿಡುವುದು. ಇಲ್ಲಿ ಸೊಂಟಕ್ಕೆ "ಇರಲಿ" ಅಂತ ಸ್ವಲ್ಪ ಹೆಚ್ಚು ಬಿಡುವ ಹಾಗಿಲ್ಲ. ತ್ರಿಜ್ಯ 1 ಸೆಂ.ಮೀ. ಹೆಚ್ಚಾದರೆ ಸುತ್ತಳತೆ 6 ಸೆಂ.ಮೀ.ಗೂ ಹೆಚ್ಚು ಹಿಗ್ಗುತ್ತದೆ.

ಎಲಾಸ್ಟಿಕ್ ಹಾಕುವ ಸ್ಕರ್ಟು ಸೊಂಟಕ್ಕೆ ಕೂರುವ ಮೊದಲು ಪೃಷ್ಠ ದಾಟಬೇಕು. ಹಾಗಾಗಿ ಪೃಷ್ಠದ ಅಳತೆ ಹಿಡಿಯಿರಿ. ಅದು 62 ಸೆಂ.ಮೀ. ಇದ್ದರೆ ಸಡಿಲಕ್ಕೆ 4 ಸೇರಿಸಿ 66. ಅದನ್ನು 6.28ರಿಂದ ಭಾಗಿಸಿದರೆ 10.5. ಇದು ಹೊಲಿಗೆ ಬೀಳುವ ಗೆರೆಯ ತ್ರಿಜ್ಯ. ಕತ್ತರಿ ಓಡಬೇಕಾದ್ದು ಅದಕ್ಕಿಂತ 1 ಸೆಂ.ಮೀ. ಒಳಗೆ, 9.5ಕ್ಕೆ. ಹೊಲಿಗೆಯ ಅಂಚನ್ನು ಹೊರಗೆ ಬಿಟ್ಟು 11.5ಕ್ಕೆ ಕತ್ತರಿಸುವವರಿದ್ದಾರೆ, ನಿಮ್ಮಲ್ಲೂ ಹಾಗೇ ಆಗಿರಬಹುದು. ಉದ್ದ 40, ಅಂಚಿಗೆ 1 ಸೇರಿ ಹೊರಗಿನ ತ್ರಿಜ್ಯ 51.5. ಹಾಗಾಗಿ 112 ಸೆಂ.ಮೀ. ಅಗಲದ ಬಟ್ಟೆ 105 ಸೆಂ.ಮೀ. ಸಾಕು. ನಾಲ್ಕು ಮಡಿಕೆ ಮಾಡಿ, ಮಡಿಕೆಯ ಮೂಲೆಗೆ ಟೇಪಿನ ತುದಿ ಒತ್ತಿ ಹಿಡಿದು ಎರಡೂ ಕಮಾನು ಗುರುತು ಹಾಕಿ.

ಕತ್ತರಿಸಿದ ಕೂಡಲೇ, ಬಟ್ಟೆಯನ್ನು ಎತ್ತಿ ನೋಡುವ ಮೊದಲೇ, ಸೊಂಟದ ಅಂಚಿನಿಂದ 0.8 ಸೆಂ.ಮೀ. ಒಳಗೆ ಒಂದು ಸುತ್ತು ಸಾದಾ ಹೊಲಿಗೆ ಹಾಕಿಬಿಡಿ. ವೃತ್ತದ ನಾಲ್ಕು ಕಡೆ ಎಳೆ ಓರೆಯಾಗಿ ಬರುತ್ತದೆ, ಕೈಯಲ್ಲಿ ಹಿಡಿದು ಎತ್ತಿದರೂ ಅಲ್ಲಿ ಎಳೆದುಕೊಳ್ಳುತ್ತದೆ. ಆಮೇಲೆ 68 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಸೊಂಟಪಟ್ಟಿ ಕೂಡಿಸಿ. ಸ್ಕರ್ಟಿನ ಕತ್ತರಿಸಿದ ಅಂಚು ಹೊಲಿಗೆ ಗೆರೆಗಿಂತ 6 ಸೆಂ.ಮೀ. ಗಿಡ್ಡ, ಆದ್ದರಿಂದ ಎರಡೆರಡು ಸೆಂ.ಮೀ.ಗೊಂದು ಸಣ್ಣ ಕಚ್ಚು ಹಾಕದೆ ಪಟ್ಟಿ ಸಪಾಟಾಗಿ ಕೂರುವುದಿಲ್ಲ. ಕಚ್ಚು 0.6 ಸೆಂ.ಮೀ. ದಾಟಬಾರದು. ಎಲಾಸ್ಟಿಕ್ 2.5 ಸೆಂ.ಮೀ. ಅಗಲದ್ದು, ಉದ್ದ ಸೊಂಟದಷ್ಟೇ ಇರಲಿ. ತುದಿಗಳನ್ನು 2 ಸೆಂ.ಮೀ. ಒಂದರ ಮೇಲೊಂದಿಟ್ಟು ಹೊಲಿದಾಗ ಬೇಕಾದ ಬಿಗಿ ಬರುತ್ತದೆ.

ಈಗಾಗಲೇ ಹೊಲಿದದ್ದನ್ನು ಎಸೆಯಬೇಡಿ. ಹೆಚ್ಚಿರುವುದು ಏಳೆಂಟು ಸೆಂ.ಮೀ. ಆದರೆ ನೆರಿಗೆ ಹಿಡಿದು ಪಟ್ಟಿಗೆ ಸೇರಿಸಿ. ಅದಕ್ಕೂ ಮೀರಿದ್ದರೆ ಬೆನ್ನಿನ ಕಡೆ ಒಂದು ತ್ರಿಕೋನ ತೆಗೆದು ಸೇರಿಸಿ ಹೊಲಿಯಿರಿ. ಅದರ ಎರಡೂ ಗೆರೆ ವೃತ್ತದ ಕೇಂದ್ರದ ಕಡೆಗೇ ಸಾಗಬೇಕು, ಇಲ್ಲದಿದ್ದರೆ ಅಂಚು ಅಲ್ಲಿ ಮೇಲೇಳುತ್ತದೆ.

ಅಂಚಿನ ಏರಿಳಿತಕ್ಕೂ ಓರೆ ಎಳೆಯೇ ಕಾರಣ. ಸೊಂಟಪಟ್ಟಿ ಹೊಲಿದ ಮೇಲೆ ಒಂದು ಇಡೀ ದಿನ ನೇತುಹಾಕಿ. ಓರೆಯ ಭಾಗ ಇಳಿಯುವಷ್ಟು ಇಳಿಯಲಿ. ಮರುದಿನ ಮಗುವನ್ನು ನಿಲ್ಲಿಸಿ, ನೆಲದಿಂದ ಅಳತೆ ಹಿಡಿದು ಸುತ್ತಲೂ ಸರಿಮಾಡಿ, ಅರ್ಧರ್ಧ ಸೆಂ.ಮೀ. ಎರಡು ಸಲ ಮಡಚಿ ಹೊಲಿಯಿರಿ. ಸುಕ್ಕಿಗೆ ಕಾರಣ ಅಗಲದ ಮಡಿಕೆ: 4 ಸೆಂ.ಮೀ. ಮಡಚಿದರೆ ಸುಮಾರು 50 ಸೆಂ.ಮೀ. ಬಟ್ಟೆಗೆ ಹೋಗಲು ಜಾಗವೇ ಇರುವುದಿಲ್ಲ. ಈ ತಾಪತ್ರಯವೇ ಬೇಡವೆಂದರೆ ಫೆಲ್ಟ್ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಬಳಸಿ, ಅದರ ಅಂಚು ಬಿಚ್ಚಿಕೊಳ್ಳುವುದಿಲ್ಲ, ಮಡಚಿ ಹೊಲಿಯಬೇಕಿಲ್ಲ. 1947ರಲ್ಲಿ ಅಮೆರಿಕದ ಗಾಯಕಿ ಜೂಲಿ ಲಿನ್ ಶಾರ್ಲೋ ಈ ಬಗೆಯ ಸ್ಕರ್ಟನ್ನು ಮೊದಲು ಮಾಡಿದ್ದು ಫೆಲ್ಟಿನಲ್ಲೇ. ಅವರಿಗೆ ಹೊಲಿಗೆ ಬರುತ್ತಿರಲಿಲ್ಲ. ಆದರೆ ಸೊಂಟಪಟ್ಟಿ ಮಾತ್ರ ಹತ್ತಿಯದೇ ಇರಲಿ, ಫೆಲ್ಟ್ ಮಡಚಿದರೆ ಹೊಟ್ಟೆಯ ಹತ್ತಿರ ದಪ್ಪಗಾಗುತ್ತದೆ.

ನಾಯಿಯ ಚಿತ್ರವನ್ನು ಮೇಜಿನ ಮೇಲಿಟ್ಟು ಅಂಟಿಸಬೇಡಿ. ಸ್ಕರ್ಟ್ ತೊಡಿಸಿದಾಗ ಅದು ಮಡಿಕೆಯೊಳಗೆ ಮುಚ್ಚಿಹೋಗಬಹುದು. ತೊಡಿಸಿ, ಮುಂಭಾಗದ ಒಂದು ಪಕ್ಕದಲ್ಲಿ ಅಂಚಿನಿಂದ 8 ಸೆಂ.ಮೀ. ಮೇಲೆ ಪಿನ್ ಮಾಡಿ, ಆಮೇಲೆ ಹೊಲಿಯಿರಿ.

ನೆಟ್ ಚುಚ್ಚುವುದು ಕತ್ತರಿಸಿದ ಅಂಚಿನಿಂದ. ನೆಟ್ಟನ್ನು ಸೊಂಟದಿಂದ ಶುರು ಮಾಡಬೇಡಿ. ತೆಳು ಹತ್ತಿಯ ಒಳಲಂಗ ಹೊಲಿದು, ಸೊಂಟದಿಂದ 15 ಸೆಂ.ಮೀ. ಕೆಳಗೆ, ಅದರ ಹೊರಮೈಗೆ ನೆಟ್ಟಿನ ಫ್ರಿಲ್ ಕೂಡಿಸಿ. ಒಳಲಂಗದ ಸುತ್ತಳತೆಯ ಎರಡರಷ್ಟು ನೆಟ್ ಬೇಕು. ಕೆಳ ಅಂಚಿಗೆ ಸ್ಯಾಟಿನ್ ರಿಬ್ಬನ್ ಸುತ್ತಿ ಹೊಲಿಯಿರಿ. ಫ್ರಿಲ್ ಒಳಲಂಗಕ್ಕಿಂತ ಕೆಳಗೆ ಇಳಿಯಬಾರದು, ಎರಡೂ ಸ್ಕರ್ಟಿಗಿಂತ 3 ಸೆಂ.ಮೀ. ಗಿಡ್ಡವಿರಲಿ. ನೆಟ್ ಬೇಗ ಬೆಂಕಿ ಹಿಡಿಯುತ್ತದೆ, ದೀಪ ಮೇಣದಬತ್ತಿಯ ಹತ್ತಿರ ಬಿಡಬೇಡಿ. ಈ ವೇಷಕ್ಕೆ ಸ್ಕಾರ್ಫ್ ಇದ್ದರೆ ಅದನ್ನು ಕುತ್ತಿಗೆಗೆ ಗಂಟು ಹಾಕದೆ ಜುಟ್ಟಿಗೆ ಕಟ್ಟಿ. ಆಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ.