ಹಾಸು ಚೀನಾದ್ದು, ಹೊಕ್ಕು ನಮ್ಮದು

ಮಾನ್ಯರೆ,

ಮಗಳ ಧಾರೆ ಸೀರೆಯ ಬಗ್ಗೆ ನೀವು ಬರೆದ ಪತ್ರ ತಲುಪಿತು. ಮುಂಗಡ ಕೊಟ್ಟ ಮೇಲೆ ಅಂಗಡಿಯವರು ‘ಹಾಸು ಚೀನಾ ನೂಲು, ಹೊಕ್ಕು ಮಾತ್ರ ರಾಮನಗರದ್ದು’ ಎಂದರಂತೆ. (ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ, ಹೊಕ್ಕು ಅದಕ್ಕೆ ಅಡ್ಡಲಾಗಿ ನೇಯುವ ಎಳೆ.) ನಿಮ್ಮ ತವರು ರೇಷ್ಮೆ ಬೆಳೆದ ಮನೆ. ‘ನಮ್ಮವರ ಹೊಟ್ಟೆಯ ಮೇಲೆ ಹೊಡೆದ ನೂಲನ್ನು ಉಟ್ಟು ಮಗಳು ಹಸೆಮಣೆ ಏರಿದರೆ ದೇವರು ಮೆಚ್ಚುತ್ತಾನೆಯೇ? ಪರದೇಶದ ವ್ಯಾಪಾರವನ್ನು ಯಾವ ಧರ್ಮ ಒಪ್ಪುತ್ತದೆ?’ ಎಂದು ಕೇಳಿದ್ದೀರಿ.

ಪರದೇಶದ ವ್ಯಾಪಾರವೇ ಅಧರ್ಮ ಎನ್ನಲು ನನಗೆ ನಾಲಿಗೆ ಏಳದು. ಐಹೊಳೆಯ ಹೆಸರು ಹೊತ್ತ ವರ್ತಕರ ಸಂಘ ಅಯ್ಯಾವೊಳೆ ಐನೂರ್ವರ ಶಾಸನವೊಂದು ಸುಮಾತ್ರಾ ದ್ವೀಪದ ಬಾರುಸ್‌ನಲ್ಲೇ ಸಿಕ್ಕಿದೆ, 1088ರದು. ಅದೇ ವರ್ತಕರು ಇಲ್ಲಿ ಹೇರಿಗಿಷ್ಟು ಎಂದು ದೇವಸ್ಥಾನಗಳಿಗೆ ಬಿಟ್ಟುಕೊಟ್ಟದ್ದನ್ನೂ ಶಾಸನಗಳು ಹೇಳುತ್ತವೆ. ರೇಷ್ಮೆಯ ಹುಟ್ಟೂರಂತೂ ಚೀನಾ. ಟಿಪ್ಪು ಬಂಗಾಳದಿಂದ ಹುಳು ತರಿಸಿದ. ಆಮೇಲೆ ಜಮಶೇಟ್‌ಜಿ ಟಾಟಾ ಬೆಂಗಳೂರಿಗೆ ಜಪಾನಿ ತಜ್ಞರನ್ನು ಕರೆಸಿದರು. ಹೊರಗಿನದು ಬೇಡವೇ ಬೇಡ ಎಂದಿದ್ದರೆ ನಿಮ್ಮ ತವರಿನಲ್ಲಿ ಹುಳುಮನೆಯೇ ಇರುತ್ತಿರಲಿಲ್ಲ.

ಆದರೆ ನಿಮ್ಮ ಸಂಕಟ ಸುಳ್ಳಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಮ್ಮೆಲೇ ಶೇ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿಯಿತು. ಆ ದಿನಗಳಲ್ಲಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಗೂಡಿನಿಂದ ನೂಲು ಬಿಚ್ಚುವ ರೀಲರ್ ಒಬ್ಬರು ಒಂದು ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಲಾಟಿಗೇ ಎಸೆದು ಮುಂದೆ ನಡೆದರು. ಬೆಳೆದವನು ಏನೂ ಅನ್ನಲಿಲ್ಲ, ಚೀಲದ ಬಾಯನ್ನು ಮತ್ತೊಮ್ಮೆ ಬಿಚ್ಚಿ ಸರಿಮಾಡಿದ.

ಅವನು ಯಾಕೆ ಚೀಲ ಕಟ್ಟಿಕೊಂಡು ಮನೆಗೆ ಹೋಗಲಿಲ್ಲ ಎಂಬುದರಲ್ಲೇ ಎಲ್ಲ ಇದೆ. ನಾಲ್ಕು ಜ್ವರ (ಹುಳು ಪೊರೆ ಕಳಚುವ ಹಂತ) ದಾಟಿ ಹುಳು ಹಣ್ಣಾಗಲು ಸುಮಾರು 25 ದಿನ. ಸೊಪ್ಪು ಹಾಕುವುದನ್ನು ಒಂದು ಹೊತ್ತೂ ತಪ್ಪಿಸುವಂತಿಲ್ಲ. ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಟ್ಟು, ಗೂಡು ಬಿಡಿಸುವಷ್ಟರಲ್ಲಿ ಐದಾರು ದಿನ. ಇನ್ನೊಂದು ವಾರ ಇಟ್ಟುಕೊಂಡರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಎಳೆ ಕಡಿದ ಗೂಡನ್ನು ಬಿಚ್ಚಲು ಬರುವುದಿಲ್ಲ. ಹಡಗಿನಲ್ಲಿ ಬರುವ ನೂಲಿನ ಬೇಲು ಆರು ತಿಂಗಳು ಗೋದಾಮಿನಲ್ಲಿ ಕೂತರೂ ಕೆಡದು. ಕಾಯಬಲ್ಲವನಿಗೂ ಕಾಯಲಾರದವನಿಗೂ ಒಂದೇ ಪೇಟೆ, ಒಂದೇ ನಿಯಮ ಎನ್ನುವುದೇ ನನ್ನ ಮಟ್ಟಿಗೆ ಅನ್ಯಾಯ. ಬಜೆಟ್ ಭಾಷಣದ ದಿನ ಹುಳುಮನೆಯಲ್ಲಿ ಎರಡನೇ ಜ್ವರದಲ್ಲಿದ್ದ ಹುಳಕ್ಕೆ ಯಾರು ನೋಟಿಸು ಕೊಟ್ಟಿದ್ದರು?

2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಬೆಳೆಗಾರನಿಗೆ ಉಸಿರು ಬಂತು, ಆದರೆ ಸುಂಕ ಏರಿದಷ್ಟೂ ನೇಕಾರನ ಲೆಕ್ಕ ಬಿಗಿಯಾಗುತ್ತದೆ. ನಮ್ಮ ಮಿಶ್ರತಳಿ ನೂಲು ಹಾಸಿನ ಎಳೆತ ತಾಳದೆ ಕಡಿಯುತ್ತದೆ, ಚೀನಾ ನೂಲು ಒಂದೇ ಸಮ ಇರುತ್ತದೆ ಎಂದು ಮಗ್ಗದವರು ಹೇಳಿದರೆ ಅದು ದೇಶದ್ರೋಹವಲ್ಲ. ದಿನಕ್ಕೆ ಹತ್ತು ಸಲ ಎಳೆ ಗಂಟುಹಾಕುತ್ತ ಕೂತವರ ಮಾತು ಅದು.

ನೀವು ಧರ್ಮದ ಮಾತೆತ್ತಿದ್ದರಿಂದ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಕದ್ದದ್ದಲ್ಲ, ಬಿದ್ದದ್ದೇ. ಆದರೂ ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದಳು. ಆಮದಿನ ಅಗ್ಗವೂ ಕದ್ದದ್ದಲ್ಲ, ಕಾನೂನಿನೊಳಗಿನದೇ. ಅದು ಯಾರ ಪಾಲಿನಿಂದ ಹೆಚ್ಚಾಗಿ ಬಂತು ಎಂದು ಲಕ್ಕಮ್ಮನಂತೆ ಕೇಳುವವರು ವ್ಯಾಪಾರ ಒಪ್ಪಂದದ ಮೇಜಿನ ಸುತ್ತ ಕಾಣುವುದಿಲ್ಲ. ನಮ್ಮ ಅಡುಗೆಮನೆಗಳಲ್ಲೂ ಅಷ್ಟಕ್ಕಷ್ಟೆ. (ಗೂಡಿನೊಳಗಿನ ಜೀವವನ್ನು ಬೇಯಿಸಿ ತೆಗೆದ ನೂಲು ನಮಗೆ ಮಡಿ ಹೇಗಾಯಿತು ಎಂಬ ಪ್ರಶ್ನೆಯನ್ನು ನೀವು ಎತ್ತಿಲ್ಲ. ಮದುವೆ ಮನೆಯಲ್ಲಿ ನಾನೂ ಎತ್ತುವುದಿಲ್ಲ.)

ಆ ಸೀರೆಯನ್ನು ಉಡಿಸಿ. ಅದರ ಹೊಕ್ಕಿನಲ್ಲಿ ನಿಮ್ಮ ತವರಿನಂಥ ಮನೆಯ ಗೂಡೂ ಇದೆ, ನೇಯ್ದವರ ಬೆನ್ನುನೋವೂ ಇದೆ. ಬೀಗರಿಗೆ ಕೊಡುವ ಸೀರೆಗಳನ್ನು ಇನ್ನೂ ಕೊಂಡಿಲ್ಲ ಎಂದು ಬರೆದಿದ್ದೀರಲ್ಲ, ಅವಕ್ಕೆ ಮುಂಗಡ ಕೊಡುವ ಮುಂಚೆಯೇ ಹಾಸು ಯಾವುದೆಂದು ಕೇಳಿ. ನಮ್ಮಲ್ಲೇ ಬೆಳೆದ ಬೈವೋಲ್ಟಿನ್ ಎಂಬ ತಳಿಯ ನೂಲು ಹಾಸಿಗೂ ಬರುತ್ತದೆ. ಬೆಲೆ ಕೊಂಚ ಹೆಚ್ಚು ಹೇಳಿಯಾರು. ಆಗ ಒಂದು ಸೀರೆ ಕಡಿಮೆ ತೆಗೆದುಕೊಳ್ಳಿ.

— ಸಂ.