ಪುಷ್ಪಕ್ ವಿಮಾನದ ಪೈಪಿನಲ್ಲಿರುವ ಸಣ್ಣ ಸ್ಕ್ರೂಗಳನ್ನು ಕೀಳಬೇಡಿ

ನಿಮ್ಮ ಪುಷ್ಪಕ್ ವಿಮಾನದ ಫ್ರೇಮಿನ ಪೈಪುಗಳಲ್ಲಿ ಏನನ್ನೂ ಹಿಡಿದಿರದ ಸಣ್ಣ ಸ್ಕ್ರೂಗಳು, ರೆಕ್ಕೆಯ ಅಡಿ ಬಟ್ಟೆಯಲ್ಲಿ ಉಂಗುರ ಹಾಕಿದ ತೂತುಗಳು, ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ ಪಟ್ಟಿಗಳು. ಇದರಲ್ಲಿ ಯಾವುದು ಬೇಡದ್ದು, ಯಾವುದನ್ನು ತೆಗೆದು ನೀಟಾಗಿ ಮಾಡಬಹುದು ಅಂತ ಕೇಳಿದ್ದೀರಿ. ಯಾವುದನ್ನೂ ತೆಗೆಯಬೇಡಿ. ನೀವು ಹೇಳುತ್ತಿರುವ ಆ ಸ್ಕ್ರೂಗಳನ್ನೇ ನಾವು ಕಿತ್ತು ಹಾಕಿದ್ದು.

ನಮ್ಮದೂ ಪುಷ್ಪಕ್ಕೇ. ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತ ಎಚ್‌ಎಎಲ್ ಮಾಡಿದ ಎರಡು ಸೀಟಿನ ವಿಮಾನ, 1958ರಲ್ಲಿ ಮೊದಲು ಹಾರಿದ್ದು. 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಉಕ್ಕಿನ ಪೈಪು ವೆಲ್ಡ್ ಮಾಡಿದ ಮೈ, ಅದರ ಮೇಲೆ ಬಟ್ಟೆ. ನನ್ನ ಮಾವ ಗುಜರಿಯಲ್ಲಿ ಕೊಂಡು ತೀರ್ಥಹಳ್ಳಿ ಹತ್ತಿರದ ತೋಟದ ಮನೆಗೆ ತಂದರು. ಹಾರಿಸುವ ಯೋಚನೆ ಇರಲಿಲ್ಲ. ಊರಿನ ಮಕ್ಕಳು ಮುಟ್ಟಿ ನೋಡುವ ಹಾಗೆ ಸರಿಮಾಡಿ ನಿಲ್ಲಿಸಬೇಕು, ಅಷ್ಟೇ.

ಕೊಳೆತ ಬಟ್ಟೆ ಬಿಚ್ಚಿ, ಫ್ರೇಮನ್ನು ಲಾರಿಗೆ ಹಾಕಿ ಶಿವಮೊಗ್ಗಕ್ಕೆ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಯ್ದೆವು. ಅಲ್ಲಿನ ಮೇಸ್ತ್ರಿ ಒಳ್ಳೆ ಕೆಲಸಗಾರ. ಪೈಪನ್ನೆಲ್ಲ ಕೈಯಲ್ಲಿ ಸವರಿ ನೋಡಿ, "ಸಾರ್, ಈ ಸ್ಕ್ರೂ ಏನನ್ನೂ ಕಚ್ಚಿಕೊಂಡಿಲ್ಲ. ಪೇಂಟ್ ಹೊಡೆದರೆ ಗಂಟುಗಂಟಾಗಿ ಕಾಣುತ್ತೆ. ಕಿತ್ತುಬಿಡ್ಲಾ?" ಅಂದರು. ನಾನು "ಕೀಳು ಮಾರಾಯ" ಅಂದೆ. ಕಿತ್ತ ತೂತುಗಳಿಂದ ಜಿಗುಟಾದ, ಕಂದು ಬಣ್ಣದ ಏನೋ ಸ್ವಲ್ಪ ಒಸರಿತು. ಹಳೇ ಗ್ರೀಸ್ ಇರಬೇಕು ಅಂದುಕೊಂಡೆವು. ಆಮೇಲೆ ಇಡೀ ಫ್ರೇಮಿಗೆ ವಾಟರ್ ಸರ್ವಿಸ್ ಮಾಡಿಸಿ, ಬಿಸಿಲಿಗಿಟ್ಟು, ತೂತುಗಳಿಗೆ ಪುಟ್ಟಿ ಮೆತ್ತಿ ಪ್ರೈಮರ್ ಹೊಡೆದೆವು.

ಆ ಜಿಗುಟು ಗ್ರೀಸ್ ಅಲ್ಲ, ಅಗಸೆ ಎಣ್ಣೆ. ಇಂಥ ವಿಮಾನಗಳಲ್ಲಿ ಪೈಪಿನ ಒಳಮೈಗೆ ಪೇಂಟ್ ಹೊಡೆಯಲು ದಾರಿಯಿಲ್ಲ. ಅದಕ್ಕೇ ವೆಲ್ಡಿಂಗ್ ಮುಗಿದ ಮೇಲೆ ಸಣ್ಣ ತೂತು ಕೊರೆದು, ಬಿಸಿ ಮಾಡಿದ ಅಗಸೆ ಎಣ್ಣೆಯನ್ನು ಒಳಗೆ ಬಿಡುತ್ತಾರೆ. ಫ್ರೇಮನ್ನು ಅತ್ತಿತ್ತ ಹೊರಳಿಸಿ, ಎಣ್ಣೆ ಒಳಗೆಲ್ಲ ಹರಿದ ಮೇಲೆ ಹೆಚ್ಚಾದದ್ದನ್ನು ಸುರಿದು, ತೂತಿಗೆ ಸ್ಕ್ರೂ ಬಿಗಿದು ಮುಚ್ಚುತ್ತಾರೆ. ಅಗಸೆ ಎಣ್ಣೆ ಒಣಗಿ ಪೊರೆಯಾಗುತ್ತದೆ. ಗಾಳಿ, ತೇವ ಒಳಗೆ ಹೋಗುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ. ಅಂದರೆ ಆ ಸ್ಕ್ರೂ ಏನನ್ನೂ ಹಿಡಿಯಲು ಇದ್ದದ್ದೇ ಅಲ್ಲ, ಮುಚ್ಚಲು ಇದ್ದದ್ದು. ನಾವು ಮುಚ್ಚಳ ತೆಗೆದೆವು, ಪ್ರೆಷರ್ ಪಂಪಿನಲ್ಲಿ ಒಳಗೆ ನೀರು ನುಗ್ಗಿಸಿದೆವು, ಆ ನೀರು ಹೊರಗೆ ಬರದ ಹಾಗೆ ಪುಟ್ಟಿ ಮೆತ್ತಿದೆವು. ಬಿಸಿಲಿನಲ್ಲಿ ಒಣಗಿದ್ದು ಹೊರಮೈ ಮಾತ್ರ.

ಬಾಲದಲ್ಲಿ ಚಕ್ರ ಇರುವ ವಿಮಾನ ಇದು, ನಿಂತಾಗ ಬಾಲ ಕೆಳಗೆ. ಒಳಗಿನ ನೀರೆಲ್ಲ ಹಿಂಬದಿಯ ಕೆಳ ಪೈಪಿಗೇ ಇಳಿಯುತ್ತದೆ. ಇಡೀ ಮಳೆಗಾಲ ಅಡಿಕೆ ಕೊಟ್ಟಿಗೆಯಲ್ಲಿ ಹಾಗೇ ನಿಂತಿತ್ತು. ಹೊರಗಿಂದ ನೋಡಿದರೆ ಪ್ರೈಮರ್ ಹೊಳೆಯುತ್ತಿತ್ತು. ದೀಪಾವಳಿ ಕಳೆದ ಮೇಲೆ ಹೊಸ ಬಟ್ಟೆ ಎಳೆಯುವ ಮುಂಚೆ ಮಾವ ಸುಮ್ನೆ ಆ ಕೆಳ ಪೈಪಿನ ಮೇಲೆ ಸೆಂಟರ್ ಪಂಚ್ (ಲೋಹದ ಮೇಲೆ ಗುರುತು ಹಾಕುವ ಚೂಪು ಮೊನೆಯ ಉಳಿ) ಇಟ್ಟು ಸಣ್ಣಗೆ ತಟ್ಟಿದರು. ಪಂಚ್ ಒಳಗೇ ಹೋಯಿತು. ಎಳೆದರೆ ಕೆಂಪು ಕೆಸರು. ಎರಡೂ ಬದಿ ಪೈಪು ಕತ್ತರಿಸಿ, ಒಳಗೆ ಸ್ಲೀವ್ ಕೊಟ್ಟು ಹೊಸ ತುಂಡು ವೆಲ್ಡ್ ಮಾಡಿಸಬೇಕಾಯಿತು. ಪೈಪು, ವೆಲ್ಡರ್ ಎರಡೂ ಬೆಂಗಳೂರಿಂದ ಬಂದವು. ವಿಮಾನ ಕೊಂಡದ್ದಕ್ಕಿಂತ ಜಾಸ್ತಿ ಖರ್ಚು ಈ ಒಂದು ಕೆಲಸಕ್ಕೇ ಆಯಿತು. ಅದಕ್ಕಿಂತ ಹೆಚ್ಚು ಬೇಜಾರಾದದ್ದು ಬೇರೆ. ಅಷ್ಟು ವರ್ಷ ಯಾರೋ ಕಾಪಾಡಿಕೊಂಡು ಬಂದ ಪೈಪು ನಮ್ಮ ಕೈಗೆ ಬಂದ ಮೇಲೆ ಕೊಳೆಯಿತಲ್ಲ ಅನ್ನೋದು.

ಹಾಗಾಗಿ ನೀವು ಕೇಳಿದ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಿಮಾನದಲ್ಲಿ ಪ್ರತಿ ಗ್ರಾಂ ತೂಕಕ್ಕೂ ಲೆಕ್ಕ ಇರುತ್ತದೆ, ಸುಮ್ನೆ ಯಾರೂ ಏನನ್ನೂ ಹಾಕುವುದಿಲ್ಲ. ಅರ್ಥವಾಗದ್ದು ಕಂಡರೆ ಗೊತ್ತಾಗುವ ತನಕ ಕೈ ಕಟ್ಟಿಕೊಂಡಿರಿ.

ಉಂಗುರದ ತೂತುಗಳು ನೀರು ಇಳಿಯಲು. ಅದಕ್ಕೇ ಅವು ಪ್ರತಿ ಅಂಕಣದಲ್ಲೂ ಅತ್ಯಂತ ತಗ್ಗಿನ ಜಾಗದಲ್ಲಿವೆ. ಹೊಸ ಬಟ್ಟೆ ಹಾಕುವಾಗ ಅವನ್ನು ಬಿಟ್ಟರೆ ನಮ್ಮ ಮಲೆನಾಡಿನ ತೇವಕ್ಕೆ ರೆಕ್ಕೆ ಒಳಗಿಂದಲೇ ಹಾಳಾಗುತ್ತದೆ. ಪಟ್ಟಿಯ ಅಂಚಿನ ಹಲ್ಲು ನೂಲು ಬಿಟ್ಟುಕೊಳ್ಳದಿರಲಿ ಅಂತ. ಪಟ್ಟಿಯ ಅಡಿಯಲ್ಲಿ ಮೇಣ ಹಚ್ಚಿದ ದಾರದ ಹೊಲಿಗೆ ಇರುತ್ತದೆ, ದಬ್ಬಣದಲ್ಲಿ ಅಡಿಕೆ ಮೂಟೆ ಹೊಲಿದ ಹಾಗೆ, ಆದರೆ ಒಂದೊಂದು ಹೊಲಿಗೆಗೂ ಗಂಟು. ಕತ್ತರಿಸುವ ಮೊದಲು ಹೊಲಿಗೆಗಳ ನಡುವಿನ ಅಂತರ ಅಳೆದು ಬರೆದಿಟ್ಟುಕೊಳ್ಳಿ. ಹಳೇ ಬಟ್ಟೆಯಲ್ಲಿ ಬಣ್ಣದ ಕೆಳಗೆ ಬೆಳ್ಳಿ ಬಣ್ಣದ ಪದರ ಸಿಕ್ಕರೆ ಅದೂ ಅಂದಕ್ಕಲ್ಲ. ಅಲ್ಯೂಮಿನಿಯಂ ಪುಡಿ ಅದು, ಬಿಸಿಲಿಗೆ ಬಟ್ಟೆ ಲಡ್ಡಾಗದಂತೆ ಕಾಯುತ್ತದೆ.

ಇನ್ನೊಂದು ಮಾತು. ಫ್ರೇಮ್ ಇಟ್ಟಿರುವ ಕೋಣೆಯಲ್ಲಿ ಔಷಧಿ ಹೊಡೆಯುವ ಮೈಲುತುತ್ತದ ಚೀಲ ಇದ್ದರೆ ಇವತ್ತೇ ಹೊರಗೆ ಹಾಕಿ. ಮೈಲುತುತ್ತ ತಾಗಿದ ಉಕ್ಕು ಬೇಗ ತಿಂದುಹೋಗುತ್ತದೆ.

ಮರಳು ಹೊಡೆಸುವುದು, ಪೇಂಟು ಇವೆಲ್ಲ ಆಮೇಲೆ. ಈಗ ಸ್ಕ್ರೂ ಇರುವ ಜಾಗಗಳ ಫೋಟೋ ತೆಗೆಯಿರಿ, ಬಾಲದ ಕೆಳ ಪೈಪುಗಳನ್ನು ಪಂಚ್ ಇಟ್ಟು ತಟ್ಟಿ ನೋಡಿ. ಕುಳಿ ಬಿದ್ದರೆ ಆ ಪೈಪು ಹೋಗಿದೆ ಅಂತ ಲೆಕ್ಕ. ಬೀಳದಿದ್ದರೆ ಸ್ಕ್ರೂ ಮುಟ್ಟಬೇಡಿ. ಹಾರಿಸುವ ಆಸೆ ಇದ್ದರೆ ಗ್ಯಾರೇಜಿಗೆ ಒಯ್ಯಲೇಬೇಡಿ, ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಕೇಂದ್ರ ಸಂಸ್ಥೆ) ಲೈಸೆನ್ಸ್ ಇರುವ ಎಂಜಿನಿಯರ್‌ಗೆ ಮೊದಲು ತೋರಿಸಿ. ನಿಮ್ಮ ಸ್ಕ್ರೂಗಳಲ್ಲಿ ಯಾವುದಾದರೂ ಈಗಾಗಲೇ ಬಿದ್ದುಹೋಗಿದ್ದರೆ ಯಾವ ಪೈಪಿನದ್ದು ಅಂತ ಬರೆಯಿರಿ. ನಮ್ಮದನ್ನು ಪಕ್ಕದಲ್ಲಿಟ್ಟು ನೋಡಿ ಹೇಳುತ್ತೇನೆ.