ಮನೆ ಪ್ಲಾನಿನಲ್ಲೇ ಕ್ಲಿನಿಕ್ ಆಗುತ್ತಾ?

30×40 ಸೈಟಿನ ಮನೆ ಪ್ಲಾನನ್ನೇ ಇಟ್ಟುಕೊಂಡು ಕೆಳಗಡೆ ನಾಲ್ಕು ಬೆಡ್ಡಿನ ಕ್ಲಿನಿಕ್ ಮಾಡಬಹುದಾ ಅಂತ ಕೇಳಿದ್ದೀರಲ್ಲ, ಹಾಗೇ ಆಗಲ್ಲ ಸರ್. ಮನೆ ಅಂದರೆ ಗಾಳಿ, ಬೆಳಕು, ಅಡುಗೆಮನೆ ಯಾವ ಮೂಲೆಗೆ ಅನ್ನೋ ಜಗಳ. ಕ್ಲಿನಿಕ್‌ನಲ್ಲಿ ಮೊದಲು ನೋಡಬೇಕಾದ್ದು ಸ್ಟ್ರೆಚರ್ ಎಲ್ಲಿಂದ ಬಂದು ಎಲ್ಲಿ ತಿರುಗುತ್ತದೆ ಅಂತ. ಮನೆಗೆ 3 ಅಡಿ ಬಾಗಿಲು ಸಾಕು, ಇಲ್ಲಿ 4 ಅಡಿ ಇಡಿ. ರ‍್ಯಾಂಪ್ ಇಳಿಜಾರು 1:12 ಇರಬೇಕು, ಅಂದರೆ ನೆಲ ರಸ್ತೆಗಿಂತ 2 ಅಡಿ ಮೇಲಿದ್ದರೆ ರ‍್ಯಾಂಪ್‌ಗೇ 24 ಅಡಿ ಉದ್ದ ಹೋಯ್ತು, ನಿಮ್ಮ ಸೈಟಿನಲ್ಲಿ ಅದು ಜಾಸ್ತಿನೇ ಅಲ್ವಾ? ನೆಲದ ಎತ್ತರ ತಗ್ಗಿಸಿ, ಆದರೆ ಮಳೆನೀರು ಒಳಗೆ ನುಗ್ಗದ ಹಾಗೆ ನೋಡಿಕೊಳ್ಳಿ. ಟಾಯ್ಲೆಟ್ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ರೋಗಿ ತಲೆಸುತ್ತಿ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ. ಎಲಿವೇಷನ್‌ಗೆ, ಅಂದರೆ ಕಟ್ಟಡದ ಮುಂಭಾಗದ ಅಂದಕ್ಕೆ, ಸುಮ್ನೆ ದುಡ್ಡು ಸುರಿಯಬೇಡಿ.